ಪಾಲಾಗದ ಮೆಂಬರ್‌ಶಿಪ್ಪು

ಅಣ್ಣತಮ್ಮಂದಿರು ಬೇರೆ ಮನೆ ಮಾಡಿದಾಗ ಇದ್ದದ್ದೆಲ್ಲ ಪಾಲಾಯಿತು. ಮಂಚ ಅಣ್ಣನಿಗೆ, ಕಪಾಟು ತಮ್ಮನಿಗೆ. ಮಿಕ್ಸಿ ಇಲ್ಲೇ ಉಳಿಯಿತು, ಇಸ್ತ್ರಿಪೆಟ್ಟಿಗೆ ಅಲ್ಲಿಗೆ ಹೋಯಿತು. ಆರು ಕುರ್ಚಿಗಳನ್ನು ಮೂರು ಮೂರು ಹಂಚಿಕೊಂಡು, ಎರಡೂ ಮನೆಯಲ್ಲಿ ನಾಲ್ಕನೆಯ ನೆಂಟರು ಬಂದರೆ ನಿಂತೇ ಇರಬೇಕಾದ ಹಾಗೆ ಮಾಡಿಕೊಂಡರು. ಸೋಫಾ, ಕುರ್ಚಿ ರಿಪೇರಿ ಮಾಡಿ ಊರವರನ್ನೆಲ್ಲ ಕೂರಿಸುವ ಮನೆತನದ ಗತಿ ಇದು.

ಪಾಲಾಗದೆ ಉಳಿದದ್ದು ಆನ್‌ಲೈನ್ ಅಂಗಡಿಯ ಮೆಂಬರ್‌ಶಿಪ್ಪು ಒಂದೇ. ವರ್ಷಕ್ಕೊಮ್ಮೆ ದುಡ್ಡು ಕಟ್ಟಿಬಿಟ್ಟರೆ ಸಾಮಾನು ಎಷ್ಟೇ ಚಿಕ್ಕದಿರಲಿ, ಬಾಗಿಲಿಗೆ ಬಿಟ್ಟಿ ತಂದುಕೊಡುವ ಏರ್ಪಾಡು. ಅದನ್ನು ಗರಗಸ ಹಾಕಿ ಎರಡು ಮಾಡಲು ಬರುವುದಿಲ್ಲ. ಅದೂ ಅಲ್ಲದೆ, ಅದು ಮೊದಲಿನಿಂದಲೂ ಗಂಟು ಬಿದ್ದದ್ದು. ಖಾತೆ ತೆರೆದ ದಿನ ದೊಡ್ಡ ಸೊಸೆಯ ಫೋನಿನಲ್ಲಿ ಎಲ್ಲ ತುಂಬಿದರು. ಅವಳಿಗೆ ತನ್ನ ಹೊಸ ನಂಬರು ಬಾಯಿಗೆ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಚಿಕ್ಕ ಸೊಸೆ, "ನಂದೇ ಹಾಕಿ ಅಕ್ಕಾ, ಆಮೇಲೆ ಬದಲಾಯಿಸಿದ್ರಾಯ್ತು" ಅಂದಳು. ಆಮೇಲೆ ಅನ್ನುವುದು ನಮ್ಮ ಮನೆಗಳಲ್ಲಿ ಯಾವತ್ತು ಬಂದಿದೆ? ಅಂದಿನಿಂದ ತರಿಸುವವಳು ದೊಡ್ಡವಳು, ಪಾರ್ಸೆಲ್ ಕೊಡುವವನು ಬಾಗಿಲಲ್ಲಿ ನಿಂತು ಕೇಳುವ ಒಟಿಪಿ ಬರುವುದು ಚಿಕ್ಕವಳ ಫೋನಿಗೆ.

ಒಂದೇ ಮನೆಯಲ್ಲಿದ್ದಾಗ ಅಡುಗೆಮನೆಯ ಕಡೆ ತಿರುಗಿ ಕೂಗಿದರೆ ಕೆಲಸ ಮುಗಿಯುತ್ತಿತ್ತು. ತಮ್ಮನಿಗೆ ಊರಿನ ಇನ್ನೊಂದು ಕೊನೆಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಅವರು ಅಲ್ಲಿಗೆ ಹೋದ ಮೇಲೆ ಪ್ರತಿ ಪಾರ್ಸೆಲ್ಲಿಗೂ ಫೋನು ಮಾಡಬೇಕಾಯಿತು. ಚಿಕ್ಕವಳು ಅಲ್ಲೇ ಒಂದು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದಳು. ಮೊದಲು ನಾಲ್ಕು ಅಂಕಿ ಬರುತ್ತಿತ್ತು, ಅದರ ಹಿಂದೆ ಬಾಲಂಗೋಚಿಯ ಹಾಗೆ ಉಳಿದದ್ದು. "ಊಟ ಆಯ್ತಾ ಅಕ್ಕಾ?" "ಆಯ್ತು. ನಿನ್ನ ಬೆನ್ನುನೋವು ಹೇಗಿದೆ?" "ಇದೆ, ಎಲ್ಲಿ ಹೋಗತ್ತೆ. ಗಿರಾಕಿ ಬಂದ್ರು, ಇಡ್ತೀನಿ." ಇಷ್ಟೇ. ಆದರೆ ಈ ಇಷ್ಟರಲ್ಲಿ ದೊಡ್ಡವಳಿಗೆ ದಿನದ ಹೊಟ್ಟೆ ತುಂಬುತ್ತಿತ್ತು.

ಇವರು ಜಗಳ ಆಡಿ ಬೇರೆಯಾದವರಲ್ಲ. ಆಡಿದ್ದರೆ ಒಳ್ಳೆಯದಿತ್ತು ಅಂತ ನನ್ನ ಅಭಿಪ್ರಾಯ. ಜಗಳ ಆಡಿದವರಿಗೆ ರಾಜಿ ಅಂತ ಒಂದು ದಾರಿ ಇರುತ್ತದೆ, ಮಧ್ಯೆ ಬರಲು ನಾಲ್ಕು ಜನ ಇರುತ್ತಾರೆ. ನಗುನಗುತ್ತಾ ಬೇರೆಯಾದವರ ಮಧ್ಯೆ ಯಾರು ಬರುತ್ತಾರೆ? ಸಾಮಾನು ಸಾಗಿಸುವ ದಿನ ಚಿಕ್ಕವಳು ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ಸ್ವಂತ ಅಡುಗೆಮನೆ ಸಿಕ್ಕಿತಲ್ಲ, ಪಾಪ, ಎಷ್ಟು ವರ್ಷ ನನ್ನ ಕೈಕೆಳಗೆ ಇದ್ದಳು, ಅಂದುಕೊಂಡಳು ದೊಡ್ಡವಳು. ಹಾಗೆ ಅಂದುಕೊಂಡ ಮೇಲೆ ಕೆಲಸವಿಲ್ಲದೆ ಅವಳಿಗೆ ಫೋನು ಮಾಡಲು ಕೈ ಬರಲಿಲ್ಲ. ಓರಗಿತ್ತಿ ಅಂದರೆ ಒಡಹುಟ್ಟಿದವಳಲ್ಲ, ಗೆಳತಿಯೂ ಅಲ್ಲ. ಒಂದೇ ಸೂರು ಇರುವವರೆಗೆ ಅವಳನ್ನು ಏನೆಂದು ಕರೆಯಬೇಕು ಎಂಬ ಯೋಚನೆಯೇ ಬರುವುದಿಲ್ಲ.

ಹೀಗಿರುವಾಗ ಮೆಂಬರ್‌ಶಿಪ್ಪಿನ ವರ್ಷ ಮುಗಿಯುತ್ತಾ ಬಂದಿದೆ ಅಂತ ಫೋನಿನಲ್ಲಿ ಸೂಚನೆ ಬಂತು.

ದೊಡ್ಡವಳು ಕುಶನ್ ಕವರಿಗೆ ಜಿಪ್ಪು ಹಚ್ಚುತ್ತಿದ್ದಳು. ಎದುರಿಗೆ ಗಂಡ ಒಂದು ಹಳೆಯ ಸೋಫಾದ ಹೊಟ್ಟೆ ಬಿಚ್ಚಿ ಸ್ಪ್ರಿಂಗು ಕೀಳುತ್ತಿದ್ದ. ಸೂಚನೆಯನ್ನು ಓದಿ ಹೇಳಿದ್ದಕ್ಕೆ ಅವನು ಕಡ್ಡಿ ತುಂಡು ಮಾಡಿದ ಹಾಗೆ ಅಂದ:

"ಬೇಡ ಬಿಡು. ದಂಡ."

"ದಂಡ ಹೇಗ್ರೀ? ಸಾಗಿಸೋ ಖರ್ಚು ಉಳಿಯಲ್ವಾ?"

"ನೀನು ಒಂದೊಂದೇ ತರಿಸೋದಕ್ಕೆ ಉಳಿಯತ್ತೆ. ಸೋಮವಾರ ದಾರ, ಮಂಗಳವಾರ ಸೂಜಿ, ಬುಧವಾರ ಗುಂಡಿ. ತಿಂಗಳಿಗೊಂದ್ಸಲ ಎಲ್ಲಾ ಸೇರಿಸಿ ತರಿಸು, ಮೆಂಬರ್‌ಶಿಪ್ಪು ಇಲ್ದೆನೂ ಬಿಟ್ಟಿನೇ ತಂದುಕೊಡ್ತಾರೆ. ಈಗ ನೀನು ದುಡ್ಡು ಕೊಡ್ತಿರೋದು ಮರೆವಿಗೆ."

ಅವಳು ಜಿಪ್ಪಿಗೆ ಇನ್ನೊಂದು ಹೊಲಿಗೆ ಹಾಕಿದಳು. ಈ ಹೆಂಗಸು ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸಿ ಬಳಸುವವಳು. ಬಟ್ಟೆಯ ತುಂಡು ಬೆರಳಗಲ ಇದ್ದರೂ ಎಸೆಯದವಳು. ಜುಗ್ಗತನದಲ್ಲಿ ಗಂಡನಿಗೆ ಗುರುವಾದವಳು ದಾರದುಂಡೆ ಒಂದೊಂದೇ ತರಿಸುತ್ತಾಳೆ ಅಂದರೆ ಅದು ಮರೆವಲ್ಲ. ಬೇಕೆಂದೇ ಬಿಡಿಬಿಡಿಯಾಗಿ ತರಿಸುತ್ತಿದ್ದಳು. ಒಂದು ಡಬ್ಬಿ ಗುಂಡಿ ಅಂದರೆ ಒಂದು ಫೋನು. ಅಂಟಿನ ಡಬ್ಬಿ ಅಂದರೆ ಇನ್ನೊಂದು ಫೋನು. ಇದನ್ನು ಗಂಡನಿಗೆ ಹೇಗೆ ಹೇಳುವುದು?

ಮೂಲೆಯಲ್ಲಿ ಓದುತ್ತಿದ್ದ ಮಗಳು ತಲೆ ಎತ್ತದೆ ಅಂದಳು: "ಅಮ್ಮಾ, ಆ ನಂಬರಾದ್ರೂ ಬದಲಾಯಿಸಿಕೊಡ್ಲಾ? ಒಂದು ನಿಮಿಷದ ಕೆಲಸ. ಚಿಕ್ಕಮ್ಮಂಗೆ ಸುಮ್ನೆ ಯಾಕೆ ತೊಂದ್ರೆ."

"ನೀನು ಓದ್ಕೋ," ಅಂದಳು ತಾಯಿ. ಅಷ್ಟು ಜೋರಾಗಿ ಹೇಳುವ ಅಗತ್ಯವಿರಲಿಲ್ಲ.

ಎರಡು ದಿನ ಅವಳು ಅಳೆದೂ ಸುರಿದೂ ನೋಡಿದಳು. ಕಟ್ಟಬೇಕಾದ ದುಡ್ಡಿಗೆ ಒಂದು ಒಳ್ಳೆಯ ಕತ್ತರಿ ಬರುತ್ತದೆ. ಕಟ್ಟದಿದ್ದರೆ ತಿಂಗಳಿಗೆ ಒಂದು ಪಾರ್ಸೆಲ್, ಒಂದು ಫೋನು. ಲೆಕ್ಕ ಹಾಕಿದರೆ ಗಂಡನದೇ ಸರಿ. ಎದೆಯ ಮೇಲೆ ಕೈ ಇಟ್ಟುಕೊಂಡರೆ ಲೆಕ್ಕ ತಪ್ಪುತ್ತಿತ್ತು. ಕೊನೆಗೆ, ಅವಳನ್ನೇ ಕೇಳಿದರಾಯಿತು, ಅವಳಿಗೂ ಬೇಕು ಅಂದರೆ ಕಟ್ಟಿಬಿಡುವುದು ಅಂದುಕೊಂಡು, ಬಾಗಿಲಲ್ಲಿ ಪಾರ್ಸೆಲ್ಲಿನವನನ್ನು ನಿಲ್ಲಿಸಿಕೊಂಡೇ ಫೋನಿನಲ್ಲಿ ಕೇಳಿದಳು.

"ಆ ಮೆಂಬರ್‌ಶಿಪ್ಪು ಮುಗೀತಾ ಬಂತು ಕಣೆ. ಕಟ್ಟೋದೋ ಬಿಡೋದೋ?"

"ನಿಮಗೆ ಹೇಗನ್ಸತ್ತೋ ಹಾಗೆ ಅಕ್ಕಾ."

"ನಿನಗೆ ಹೇಗನ್ಸತ್ತೆ?"

"ನಂದೇನಿದೆ. ನಿಮಗೆ ಉಪಯೋಗ ಇದ್ರೆ ಕಟ್ಟಿ." ಆಮೇಲೆ, "ನನಗೊಂದು ಸಾಮಾನು ಬೇಕಿತ್ತು, ಮೆಸೇಜು ಹಾಕ್ತೀನಿ. ಬಿಡುವಾದಾಗ ತರಿಸಿ" ಅಂದಳು.

ಎಣ್ಣೆ ಹಚ್ಚಿದ ಮಾತು, ಯಾವ ಕಡೆಯಿಂದ ಹಿಡಿದರೂ ಜಾರುತ್ತದೆ. ದೊಡ್ಡವಳು ಫೋನು ಇಡಬೇಕು ಅನ್ನುವಷ್ಟರಲ್ಲಿ ಆ ಕಡೆ ಚಿಕ್ಕವಳು ಫೋನನ್ನು ಹಾಗೇ ಕೌಂಟರಿನ ಮೇಲೆ ಇಟ್ಟಿರಬೇಕು, ಅಂಗಡಿಯವನ ದನಿ ಕೇಳಿಸಿತು.

"ಏನಮ್ಮಾ ಇದು, ದಿನಾ ಅದೇ ಫೋನು. ಜನ ಚೀಟಿ ಹಿಡ್ಕೊಂಡು ಕಾಯ್ತಿದ್ದಾರೆ, ನೀನು ನಂಬರ್ ಓದ್ತಾ ನಿಂತಿದ್ದೀಯ. ಯಾರದು?"

"ಸಾರಿ ಸಾರ್. ಇನ್ಮೇಲೆ ಆಗಲ್ಲ."

ಬೈಗುಳವೇನೂ ದೊಡ್ಡದಲ್ಲ. ಆದರೆ ಆ "ಇನ್ಮೇಲೆ ಆಗಲ್ಲ" ದೊಡ್ಡವಳ ಎದೆಗೆ ನಾಟಿತು. ತನ್ನ ಒಂದು ಡಬ್ಬಿ ಗುಂಡಿಗೋಸ್ಕರ ಆ ಹುಡುಗಿ ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕಾಯಿತಲ್ಲ. ಯಾರದು ಅಂತ ಕೇಳಿದ್ದಕ್ಕೆ ಉತ್ತರವನ್ನೂ ಕೊಡಲಿಲ್ಲ. ಏನಂತ ಕೊಡುತ್ತಾಳೆ, ಗಂಡನ ಅಣ್ಣನ ಹೆಂಡತಿ ಅಂತಲೇ?

ಅಂದು ಊಟವಾದ ಮೇಲೆ ಮಗಳ ಮುಂದೆ ಫೋನು ಹಿಡಿದಳು. ಮೊದಲು ಚಿಕ್ಕವಳು ಕೇಳಿದ ಸಾಮಾನನ್ನು ಮೆಸೇಜು ನೋಡಿಕೊಂಡು ತರಿಸಲು ಹಾಕಿದಳು. ಕಣ್ಣು ಮಂಜಾಗಿದ್ದಕ್ಕೋ ಏನೋ ವಿಳಾಸ ನೋಡಲಿಲ್ಲ, ಸಾಮಾನು ಏನೆಂದೂ ಯೋಚಿಸಲಿಲ್ಲ. ಆಮೇಲೆ, "ನಂಬರ್ ಬದಲಾಯಿಸು. ಆ ಮೆಂಬರ್‌ಶಿಪ್ಪನ್ನೂ ನಿಲ್ಲಿಸಿಬಿಡು" ಅಂದಳು. ಮಗಳು ಹೇಳಿದ್ದು ಸುಳ್ಳಲ್ಲ, ಒಂದೇ ನಿಮಿಷ ಹಿಡಿಯಿತು. ಗಂಡ ಸಂತೋಷಪಟ್ಟು, "ಈಗ ಬುದ್ಧಿ ಬಂತು ನೋಡು" ಅಂದ. ಪಾಪ, ಅವನಿಗೆ ಸ್ಪ್ರಿಂಗಿನ ವಿಷಯ ಬಿಟ್ಟರೆ ಬೇರೆ ಒತ್ತಡಗಳು ಗೊತ್ತಾಗುವುದು ಕಡಿಮೆ. ಒಳ್ಳೆಯ ಮನುಷ್ಯ, ಅದಕ್ಕೇನೂ ತಕರಾರಿಲ್ಲ.

ಆಮೇಲೆ ಮನೆ ಬಹಳ ಶಿಸ್ತಾಗಿ ನಡೆಯಿತು. ದಾರ, ಸೂಜಿ, ಜಿಪ್ಪು, ಅಂಟು ಎಲ್ಲ ಒಂದೇ ದೊಡ್ಡ ಪೆಟ್ಟಿಗೆಯಲ್ಲಿ ಬಂತು. ಒಟಿಪಿ ಅವಳ ಕೈಯಲ್ಲೇ ಮಿನುಗಿತು, ಅವಳೇ ಓದಿ ಹೇಳಿದಳು, ಪಾರ್ಸೆಲ್ಲಿನವನು ಹೋದ. ಬಾಗಿಲಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ಚಿಕ್ಕವಳ ಕಡೆಯಿಂದ ಫೋನು ಬರಲಿಲ್ಲ. ಬರುತ್ತದೆ ಅಂತ ಕಾದದ್ದನ್ನು ಅವಳು ಒಪ್ಪಿಕೊಳ್ಳುತ್ತಿರಲಿಲ್ಲ, ಆದರೆ ಹೊಲಿಗೆ ಯಂತ್ರದ ಮೇಲೆ ಫೋನನ್ನು ಮುಖ ಮೇಲೆ ಮಾಡಿಯೇ ಇಡುತ್ತಿದ್ದಳು. ಹಗುರಾಯಿತೇನೋ ಅವಳಿಗೆ, ಅಂದುಕೊಂಡಳು. ಅವಳಿಗೆ ಹಗುರಾಗಲಿ ಅಂತಲೇ ಮಾಡಿದ್ದು, ಆದರೂ ಹಾಗೆ ಅಂದುಕೊಂಡಾಗಲೆಲ್ಲ ಹೊಲಿಗೆ ಸೊಟ್ಟಗಾಗಿ ಬಿಚ್ಚಬೇಕಾಗುತ್ತಿತ್ತು.

ತಿಂಗಳು ತಿರುಗುವ ಹೊತ್ತಿಗೆ, ಎಲ್ಲೆಲ್ಲಿ ಸುತ್ತಿ ಬಂತೋ, ಒಂದು ಸಣ್ಣ ಪಾರ್ಸೆಲ್ ಬಂತು. ತಾನು ಏನೂ ತರಿಸಿಲ್ಲವಲ್ಲ ಅಂದುಕೊಳ್ಳುತ್ತಲೇ ಬಿಚ್ಚಿದಳು. ಒಳಗೆ ಒಂದು ಸುರುಳಿ ಹತ್ತಿ, ಒಂದು ಡಬ್ಬಿ ಗಾಯದ ಪಟ್ಟಿ. ಚಿಕ್ಕವಳು ಕೇಳಿದ ಸಾಮಾನು. ಅವಳ ಮನೆಗೆ ಹೋಗಬೇಕಾದದ್ದು, ವಿಳಾಸ ತಪ್ಪಿ ಇಲ್ಲಿಗೆ ಬಂದಿದೆ.

ತನ್ನನ್ನೇ ಬೈದುಕೊಂಡು, ಕಳಿಸುವುದು ಹೇಗೆ ಅಂತ ಯೋಚಿಸುತ್ತಾ ಹತ್ತಿಯನ್ನು ಕೈಯಲ್ಲಿ ಹಿಡಿದು ಕೂತಿದ್ದಳು. ಹತ್ತಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದಳು, ಪಟ್ಟಿಯ ಡಬ್ಬಿಯನ್ನೂ ನೋಡಿದಳು.

ಔಷಧಿ ಅಂಗಡಿಯಲ್ಲಿ ದಿನವಿಡೀ ನಿಲ್ಲುವವಳಿಗೆ ಹತ್ತಿ ಆನ್‌ಲೈನಿನಲ್ಲಿ ಬೇಕಾಯಿತೇ? ಕೈ ಚಾಚಿದರೆ ಸಿಗುವ ಗಾಯದ ಪಟ್ಟಿಯನ್ನು ಊರಿನ ಈ ಕೊನೆಯಲ್ಲಿ ಕೂತ ಓರಗಿತ್ತಿಯ ಕೈಯಿಂದ ತರಿಸಬೇಕಾಯಿತೇ?

ಅವಳಿಗೆ ಮೊದಲು ನಗು ಬಂತು. ಎಂಥ ಪೆದ್ದಿ, ನೆಪ ಹುಡುಕುವವಳು ಒಂದು ಒಳ್ಳೆಯ ನೆಪವನ್ನಾದರೂ ಹುಡುಕಬಾರದೇ. ಆಮೇಲೆ ಅಳು ಬಂತು, ಯಾಕೆಂದರೆ ಗುಂಡಿ ಡಬ್ಬಿಯನ್ನು ಒಂದೊಂದೇ ತರಿಸಿದ ಪೆದ್ದಿ ಯಾರು ಅನ್ನುವುದು ಅವಳಿಗೆ ಗೊತ್ತಿತ್ತು. ಇಬ್ಬರೂ ಒಂದು ಬಾಗಿಲಿನ ಎರಡು ಕಡೆ ನಿಂತು, ಒಳಗೆ ಬರಲು ಅಪ್ಪಣೆ ಸಿಕ್ಕಿಲ್ಲ ಅಂತ ಕಾಯುತ್ತಿದ್ದರು. ಬಾಗಿಲಿಗೆ ಚಿಲಕವೇ ಇರಲಿಲ್ಲ.

ಫೋನು ಎತ್ತಿಕೊಂಡಳು. "ನಿನ್ನ ಹತ್ತಿ ಇಲ್ಲಿಗೆ ಬಂದಿದೆ" ಅನ್ನಬಹುದಿತ್ತು. ಕೈಯಲ್ಲೇ ಇದ್ದ ನೆಪ, ಕುಂಟು ನೆಪವೂ ಅಲ್ಲ, ಅಪ್ಪಟ ನಿಜ. ಅವಳು ಹತ್ತಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ ಯಂತ್ರದ ಕೆಳಗೆ ತಳ್ಳಿದಳು. ಆಮೇಲೆ ನಂಬರು ಒತ್ತಿದಳು. ವರ್ಷಗಟ್ಟಲೆ ಒಂದೇ ಬಚ್ಚಲಿನಲ್ಲಿ ಕೈ ತೊಳೆದವಳಿಗೆ ನೆಪವಿಲ್ಲದೆ ಮಾಡಿದ ಮೊದಲ ಫೋನು ಅದು.

ಮೊದಲ ರಿಂಗಿಗೇ ಎತ್ತಿದಳು ಚಿಕ್ಕವಳು.

"ಅಕ್ಕಾ, ಕೋಡ್ ಬಂದಿಲ್ಲ," ಅಂದಳು ಗಾಬರಿಯಿಂದ. "ಒಂದು ತಿಂಗಳಿಂದ ನೋಡ್ತಾನೇ ಇದ್ದೀನಿ, ಒಂದೂ ಬಂದಿಲ್ಲ. ನನ್ನ ಫೋನೇ ಕೆಟ್ಟಿದ್ಯೇನೋ ಅಂತ ತೋರಿಸ್ಕೊಂಡೂ ಬಂದೆ. ಸರಿಯಾಗೇ ಇದೆ ಅಂದ್ರು."

"ಕೋಡಿಗಲ್ಲ ಕಣೆ. ಮೆಂಬರ್‌ಶಿಪ್ಪು ನಿಲ್ಲಿಸಿಬಿಟ್ಟೆ. ನಂಬರೂ ಬದಲಾಯಿಸಿದೆ. ಅಂಗಡಿಯವರು ನಿನಗೆ ಬೈದದ್ದು ಕೇಳಿಸ್ತು ಆವತ್ತು."

ಆ ಕಡೆ ಮಾತ್ರೆಯ ಪಟ್ಟಿ ಕತ್ತರಿಸುವ ಸದ್ದು ಕೇಳುತ್ತಿತ್ತು, ಅದು ನಿಂತಿತು.

"ಮತ್ತೆ ಈಗ ಯಾಕೆ ಮಾಡಿದ್ರಿ?"

"ಸುಮ್ನೆ ಮಾಡ್ದೆ. ನಿನ್ನ ಹತ್ರ ಮಾತಾಡ್ಬೇಕು ಅನ್ನಿಸ್ತು. ನೀನಿಲ್ದೆ ಮನೆ ಬಿಕೋ ಅನ್ನತ್ತೆ. ಹೋಗೋವಾಗ್ಲೇ ಹೇಳ್ಬೇಕಿತ್ತು."

ದೊಡ್ಡವಳು ಕಣ್ಣು ಮುಚ್ಚಿಕೊಂಡಳು. ಅತಿಯಾಯಿತೇನೋ, ಕೆಲಸದ ಹೊತ್ತಿನಲ್ಲಿ, ಗಿರಾಕಿಗಳ ಮುಂದೆ. ಇಟ್ಟುಬಿಡುತ್ತಾಳೆ ಈಗ ಅಂದುಕೊಂಡಳು. ಫೋನನ್ನು ಕೈಯಿಂದ ಮುಚ್ಚಿದ ಹಾಗೆ ಆ ಕಡೆಯ ಸದ್ದು ಮಂಕಾಯಿತು. ಆದರೂ ಚಿಕ್ಕವಳು ಆಡಿದ್ದು ಕೇಳಿಸುತ್ತಿತ್ತು, ಅವಳ ದನಿ ಮೊದಲಿನಿಂದಲೂ ಹಾಗೆ, ಗೋಡೆ ದಾಟಿ ಬರುವಂಥದು.

"ಸಾರ್, ಹತ್ತು ನಿಮಿಷ ಹೊರಗೆ ಹೋಗಿ ಬರ್ತೀನಿ. ಮನೆಯಿಂದ ಫೋನು."

"ಏನಮ್ಮಾ, ಏನಾದ್ರೂ ತೊಂದ್ರೆನಾ?"

"ಇಲ್ಲ ಸಾರ್. ನಮ್ಮಕ್ಕ. ಸುಮ್ನೆ ಮಾಡಿದ್ದಾರೆ."