ಪೈಲವಾನ ಧರ್ಮಣ್ಣನ ಸುರಕ್ಷತೆ

ಇಜೇರಿಯ ಧರ್ಮಣ್ಣನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಸೇಫ್ಟಿ ಸೂಪರ್‌ವೈಸರ್ ಕೆಲಸ ಸಿಕ್ಕಿದ್ದು ಓದಿನಿಂದಲ್ಲ, ಮೈಕಟ್ಟಿನಿಂದ. ಜೇವರಗಿಯಿಂದ ಅಫಜಲಪುರದವರೆಗೆ ಕುಸ್ತಿ ಕಣಗಳಲ್ಲಿ ಅವನ ಹೆಸರಿತ್ತು. ಭೀಮಾ ದಂಡೆಯ ಆ ಕಾರ್ಖಾನೆ ಈಗಿಲ್ಲ, ಅದರ ಚಿಮಣಿಯೂ ಉಳಿದಿಲ್ಲ. ಎಂಬತ್ತೊಂಬತ್ತರ ಹಂಗಾಮಿನಲ್ಲಿ ಅಲ್ಲಿ ಕಬ್ಬು ಅರೆಯುವ ರೋಲರಿಗೆ ಒಬ್ಬ ಹುಡುಗನ ಮುಂಗೈ ಸಿಕ್ಕಿತು. ಆಗ ಗೇಟಿನ ಕಾವಲಿಗಿದ್ದ ಧರ್ಮಣ್ಣನೇ ಓಡಿ ಹೋಗಿ ಅವನನ್ನು ಬಿಡಿಸಿದ್ದ. ಹುಡುಗ ಬಂದ, ಕೈ ಬರಲಿಲ್ಲ. ಎಷ್ಟೋ ದಿನ ಧರ್ಮಣ್ಣನಿಗೆ ಅನ್ನ ಸೇರಲಿಲ್ಲ.

ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬಂದು ನೋಟಿಸು ಕೊಟ್ಟು ಹೋದ ಮೇಲೆ ಮ್ಯಾನೇಜರ್ ಶಾಂತಲಿಂಗಪ್ಪ ಅವನನ್ನು ಕೋಣೆಗೆ ಕರೆಸಿದರು.

"ಗ್ವಾಡಿಗೆ ನಿಯಮ ಬರಸಿದ್ರ ಯಾರೂ ಓದಂಗಿಲ್ಲ ಧರ್ಮಣ್ಣ. ನಿನ್ನ ಕೈ ಮಾತ್ರ ಎಲ್ಲಾರಿಗೂ ಓದಾಕ ಬರ್ತದ. ನಾಳಿಯಿಂದ ಸೇಫ್ಟಿ ನೀನೇ ನೋಡ್ಕೋ."

"ಹೊಡದ್ರ ನೀವು ಏನೂ ಅನ್ನಂಗಿಲ್ಲೇನ್ರಿ ಸಾಹೇಬ್ರ?"

"ನಾ ಎಲ್ಲಿ ನೋಡ್ತೇನಿ?" ಎಂದು ಶಾಂತಲಿಂಗಪ್ಪ ನಕ್ಕರು.

ಗುಲಬರ್ಗಾದಲ್ಲಿ ಒಂದಷ್ಟು ದಿನ ತರಬೇತಿ ಕೊಡಿಸಿ, ಹಳದಿ ಹೆಲ್ಮೆಟ್ಟು, ಒಂದು ಸೀಟಿ ಕೊಟ್ಟರು. ಧರ್ಮಣ್ಣ ಕೆಲಸವನ್ನು ಮನಸ್ಸಿಟ್ಟು ಮಾಡಿದ. ಹೆಲ್ಮೆಟ್ಟಿಲ್ಲದೆ ಬಾಯ್ಲರ್ ಹತ್ತಿರ ಬಂದವನಿಗೆ ಕಪಾಳಕ್ಕೆ ಏಟು. ಯಂತ್ರ ನಡೆಯುವಾಗ ಕೈ ಹಾಕಿದವನಿಗೆ ಒದೆ. ಹೊಡೆದ ಮೇಲೆ ಅವನೇ ಕರೆದು ಚಹಾ ಕುಡಿಸುತ್ತಿದ್ದ. "ನಿನ್ನ ಹೆಂಡ್ತಿ ಮಕ್ಕಳ ಸಲುವಾಗಿ ಹೊಡದೇನಿ" ಎನ್ನುತ್ತಿದ್ದ. ಅದು ಸುಳ್ಳಾಗಿರಲಿಲ್ಲ.

ಆಳಂದ ಕಡೆಯ ಅಮೋಘಸಿದ್ದ ಅಲ್ಲಿ ಪಂಪು ನೋಡಿಕೊಳ್ಳುತ್ತಿದ್ದ. ಒಂದು ದಿನ ಅವನ ಪಾದದ ಮೇಲೆ ಉಗಿ ಬಿದ್ದು ಚರ್ಮ ಸುಲಿಯಿತು. ಕುಂಟುತ್ತ ಧರ್ಮಣ್ಣನ ಹತ್ತಿರ ಬಂದು ಹೇಳಿದ.

"ಬೂಟು ಎಲ್ಲಿ?"

"ಹರದಾವ್ರಿ. ಚಪ್ಪಲಿ ಮ್ಯಾಲ ಇದ್ದೆ."

ಏಟು ಎಡಗಿವಿಗೆ ಬಿತ್ತು. ಅಮೋಘಸಿದ್ದ ಗೋಡೆಗೆ ಬಡಿದು ಕೆಳಗೆ ಕುಸಿದ. ಕಿವಿಯಿಂದ ರಕ್ತ ಇಳಿದು ಅಂಗಿಯ ಕಾಲರಿಗೆ ಹತ್ತಿತು. ಆ ಕಿವಿ ಮತ್ತೆ ಕೇಳಲಿಲ್ಲ.

ಆಮೇಲೆ ಕಾರ್ಖಾನೆಯಲ್ಲಿ ಗಾಯವಾದ ಸುದ್ದಿಯೇ ನಿಂತಿತು. ಬೆರಳು ಕತ್ತರಿಸಿಕೊಂಡವನು ಬಟ್ಟೆ ಸುತ್ತಿಕೊಂಡು ಅಫಜಲಪುರದ ಡಾಕ್ಟರ ಹತ್ತಿರ ಹೋಗಿ, ಮನೆಯಲ್ಲಿ ಕುಡುಗೋಲು ತಾಗಿತು ಎಂದ. ಸುಟ್ಟುಕೊಂಡವನು ಒಲೆ ತಾಗಿತು ಎಂದ. ಶಾಂತಲಿಂಗಪ್ಪ ಎಲ್ಲರ ಮುಂದೆ ಧರ್ಮಣ್ಣನ ಬೆನ್ನು ತಟ್ಟಿದರು. ಇನ್ನು ಯಾರ ಕೈಯೂ ಹೋಗುವುದಿಲ್ಲ ಎಂದು ಧರ್ಮಣ್ಣ ನಂಬಿದ.

ತೊಂಬತ್ತೊಂದರ ಚಳಿಗಾಲದಲ್ಲಿ ಹೊಲಸು ನೀರಿನ ಗುಂಡಿ ತುಂಬತೊಡಗಿತು. ಕಾರ್ಖಾನೆಯ ಕೊಳಕೆಲ್ಲ ಆ ಆಳವಾದ ಗುಂಡಿಗೆ ಬಂದು, ಅಲ್ಲಿಂದ ಪಂಪಿನಲ್ಲಿ ಹೊಂಡಗಳಿಗೆ ಹೋಗಬೇಕು. ಪಂಪು ಕಟ್ಟಿಕೊಂಡಿತ್ತು. ಗುಂಡಿ ಉಕ್ಕಿದರೆ ಕಪ್ಪು ನೀರು ನೇರ ಭೀಮೆಗೆ.

"ಅಮಾಸಿಗೆ ಘತ್ತರಗಿ ಗುಡಿಗೆ ಮಂದಿ ಬರ್ತಾರ. ಜಳಕ ಮಾಡೂ ಹೊಳಿ ಕಪ್ಪಾತಂದ್ರ ನನ್ನ ಕುರ್ಚಿ ಹೋಗ್ತದ. ಇವತ್ತ ಸ್ವಚ್ಛ ಆಗಬೇಕು" ಎಂದರು ಶಾಂತಲಿಂಗಪ್ಪ.

ಹಿಂದಿನ ದಿನವೇ ಅಮೋಘಸಿದ್ದ ಪಂಪು ನೋಡಲು ಗುಂಡಿಗೆ ಇಳಿದಿದ್ದ. ಅರ್ಧ ಏಣಿ ಇಳಿಯುವುದರೊಳಗೆ ಕಣ್ಣಿಗೆ ಕತ್ತಲೆ ಬಂದು, ಹೇಗೋ ಮೇಲೆ ಹತ್ತಿ ವಾಂತಿ ಮಾಡಿಕೊಂಡಿದ್ದ. ಆದರೆ ಸೊಂಟಕ್ಕೆ ಹಗ್ಗ ಕಟ್ಟದೆ ಇಳಿದಿದ್ದ. ಧರ್ಮಣ್ಣನಿಗೆ ಹೇಳಿದರೆ ಉಳಿದ ಕಿವಿಯೂ ಹೋಗುತ್ತದೆ ಎಂದು ಅವನ ಹತ್ತಿರ ಹೋಗಲಿಲ್ಲ.

ಬೆಳಗಿನ ಪಾಳಿಗೆ ಧರ್ಮಣ್ಣ ದತ್ತಪ್ಪನನ್ನು ಕರೆದ. ಗುತ್ತಿಗೆ ಕೂಲಿ ಅವನು. ಅವನ ತಮ್ಮ ಚಂದ್ರಾಮಪ್ಪನೂ ಅಲ್ಲೇ ಕಬ್ಬಿನ ಗಾಡಿ ಇಳಿಸುತ್ತಿದ್ದ.

"ಇವತ್ತ ಒಲ್ಲೆರಿ ಪೈಲವಾನ್ರ. ನೀರು ಒಂದೀಟು ಇಳೀಲಿ" ಎಂದ ದತ್ತಪ್ಪ.

ಧರ್ಮಣ್ಣ ಕೈ ಎತ್ತಿದ. ದತ್ತಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಧರ್ಮಣ್ಣ ಅವನ ಹೆಲ್ಮೆಟ್ಟು ನೋಡಿದ, ಬೂಟು ನೋಡಿದ, ಸೊಂಟದ ಹಗ್ಗವನ್ನು ಎಳೆದು ನೋಡಿ ಅದರ ತುದಿಯನ್ನು ಸಹಾಯಕ್ಕಿದ್ದ ಖಲಾಸಿ ಚಾಂದಸಾಬನ ಕೈಗೆ ಕೊಟ್ಟ. ಎಲ್ಲ ಸರಿಯಿದೆ ಎಂದುಕೊಂಡು ಬಾಯ್ಲರ್ ಕಡೆ ನಡೆದ.

ಕೂಗು ಕೇಳಿ ಓಡಿ ಬರುವಷ್ಟರಲ್ಲಿ ಚಾಂದಸಾಬನೂ ಒಳಗಿದ್ದ. ದತ್ತಪ್ಪ ಕೆಸರಿನಲ್ಲಿ ಬಿದ್ದಾಗ ಮೇಲಿದ್ದವರು ಹಗ್ಗ ಎಳೆದಿದ್ದರು. ಅದು ಪಂಪಿನ ಕೊಳವೆಗೆ ಸಿಕ್ಕಿಕೊಂಡಿತ್ತು. ಬಿಡಿಸಲು ಇಳಿದ ಚಾಂದಸಾಬ ಒಂದು ಮಾತೂ ಆಡದೆ, ನಿದ್ದೆ ಬಂದವನಂತೆ ಏಣಿಯಿಂದ ಕಳಚಿ ಬಿದ್ದಿದ್ದ.

ಧರ್ಮಣ್ಣನಿಗೆ ತರಬೇತಿಯಲ್ಲಿ ಕೇಳಿದ್ದು ಆಗ ನೆನಪಾಯಿತು. ಇದು ಗಾಳಿಯ ಕೆಲಸ. ಇಳಿದವರೆಲ್ಲ ಸಾಯುತ್ತಾರೆ.

ಅಷ್ಟರಲ್ಲಿ ಚಂದ್ರಾಮಪ್ಪ "ಅಣ್ಣಾ!" ಎಂದು ಕಿರುಚುತ್ತ ಬಂದು ಏಣಿಗೆ ಕಾಲಿಟ್ಟ. ಧರ್ಮಣ್ಣ ಅವನ ಸೊಂಟ ಹಿಡಿದು ಎತ್ತಿ ನೆಲಕ್ಕೆ ಅಪ್ಪಳಿಸಿದ. ಅವನು ಎದ್ದು ಮತ್ತೆ ನುಗ್ಗಿದ. ಧರ್ಮಣ್ಣನ ಮುಂದೋಳಿಗೆ ಹಲ್ಲು ಹಾಕಿ ಮಾಂಸ ಕಿತ್ತ.

"ಬಿಡಲೇ! ನಮ್ಮಣ್ಣ ಸಾಯಾಕತ್ಯಾನ!"

"ಒಳಗ ವಿಷದ ಗಾಳಿ ಅದ! ನೀನೂ ಸಾಯ್ತೀ!"

ಚಂದ್ರಾಮಪ್ಪ ಕೇಳಲಿಲ್ಲ, ಏಣಿಯನ್ನು ಅಪ್ಪಿ ಹಿಡಿದ. ಧರ್ಮಣ್ಣ ಅವನ ಬಲಗೈಯನ್ನು ಬೆನ್ನ ಹಿಂದೆ ತಿರುಗಿಸಿ, ಕುಸ್ತಿಯಲ್ಲಿ ಯಾವತ್ತೂ ಹಾಕದಷ್ಟು ಬಲ ಹಾಕಿದ. ಕಬ್ಬು ಮುರಿದಂತೆ ಸಪ್ಪಳವಾಯಿತು. ಕೂಲಿಗಳು ಧರ್ಮಣ್ಣನ ಮೇಲೆ ಬಿದ್ದರು. ಒಬ್ಬ ಕಬ್ಬಿಣದ ಸಲಾಕೆಯಿಂದ ಅವನ ಹೆಗಲಿಗೆ ಹೊಡೆದ. ಧರ್ಮಣ್ಣ ಗುಂಡಿಯ ಬಾಯಿಗೆ ಅಡ್ಡ ನಿಂತು, ಹತ್ತಿರ ಬಂದವರನ್ನೆಲ್ಲ ತಲೆಯಿಂದ, ಮೊಣಕೈಯಿಂದ ಬಡಿದು ಹಿಂದಕ್ಕೆ ಉರುಳಿಸಿದ. ಇಬ್ಬರ ಹಲ್ಲು ಬಿದ್ದವು. ಆದರೆ ಮೂರನೆಯವನಾಗಿ ಯಾರೂ ಒಳಗೆ ಇಳಿಯಲಿಲ್ಲ.

"ಕಂಪ್ರೆಸರ್ ಪೈಪ್ ತರ್ರಿ! ಗಾಳಿ ಬಿಡ್ರಿ ಒಳಗ!" ಎಂದು ಅವನು ಅರಚುತ್ತಲೇ ಇದ್ದ. ಕೊನೆಗೆ ಅಮೋಘಸಿದ್ದ ಪೈಪು ಎಳೆದು ತಂದ. ಸಾಕಷ್ಟು ಹೊತ್ತು ಗಾಳಿ ಹೊಡೆದ ಮೇಲೆ ಧರ್ಮಣ್ಣ ತನಗೇ ಹಗ್ಗ ಕಟ್ಟಿಕೊಂಡು, ಪೈಪಿನ ಬಾಯನ್ನು ಮುಖಕ್ಕೆ ಹಿಡಿದುಕೊಂಡು ಇಳಿದ. ಇಬ್ಬರನ್ನೂ ಮೇಲೆ ಕಳಿಸಿದ. ಇಬ್ಬರ ಬಾಯಲ್ಲೂ ಕಪ್ಪು ಕೆಸರು ತುಂಬಿತ್ತು. ಜೀವ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ದತ್ತಪ್ಪನ ಊರಿನವರು ಟ್ರ್ಯಾಕ್ಟರಿನಲ್ಲಿ ಬಂದಿಳಿದರು. ಬಡಿಗೆ, ಕೊಡಲಿ, ಕಬ್ಬಿನ ಕತ್ತಿ. ಆಫೀಸಿನ ಗಾಜು ಒಡೆದರು. ಜೀಪಿಗೆ ಬೆಂಕಿ ಹಚ್ಚಿದರು. ಶಾಂತಲಿಂಗಪ್ಪ ಹಿಂದಿನ ಗೇಟಿನಿಂದ ಮೋಟರ್‌ಸೈಕಲ್ ಹತ್ತಿ ಹೋಗಿಬಿಟ್ಟಿದ್ದರು. ಧರ್ಮಣ್ಣ ಮಾತ್ರ ಹೆಣಗಳ ಹತ್ತಿರ ಕೂತಿದ್ದ.

"ಬಿಟ್ಟಿದ್ರ ಎತ್ಕೊಂಡು ಬರ್ತಿದ್ದಿವಿ! ಈ ಸೂಳೆಮಗ ಅಡ್ಡ ನಿಂತ!" ಎಂದು ಒಬ್ಬ ಬಡಿಗೆ ಬೀಸಿದ. ಧರ್ಮಣ್ಣ ತಡೆಯಲಿಲ್ಲ. ಎರಡನೆಯ ಏಟಿಗೆ ಹುಬ್ಬು ಒಡೆಯಿತು.

ಆಗ ಅಮೋಘಸಿದ್ದ ನಡುವೆ ನುಗ್ಗಿದ.

"ಹೊಡಿಬ್ಯಾಡ್ರಿ! ನನಗ ಗೊತ್ತಿತ್ತು! ನಿನ್ನೆ ನಾ ಇಳದಿದ್ದೆ, ತಲಿ ತಿರಗಿ ಹತ್ತಿ ಬಂದೆ. ಇವರಿಗೆ ಹೇಳ್ಲಿಲ್ಲ."

"ಯಾಕ ಹೇಳ್ಲಿಲ್ಲಲೇ?"

"ಹೊಡೀತಾರಂತ ಹೇಳ್ಲಿಲ್ಲ."

ಧರ್ಮಣ್ಣ ತಲೆ ಎತ್ತಿ ಅವನನ್ನು ನೋಡಿದ. ಮಂದಿ ಒಮ್ಮೆಲೇ ಅಮೋಘಸಿದ್ದನ ಮೇಲೆ ಬಿದ್ದರು. ಅವನು ನೆಲಕ್ಕೆ ಉರುಳಿದ. ಕೊಡಲಿ ಮೇಲೆದ್ದದ್ದು ಕಂಡಿತು. ಧರ್ಮಣ್ಣ ಮಂದಿಯನ್ನು ಸೀಳಿಕೊಂಡು ಹೋಗಿ ಅವನ ಮೇಲೆ ಮಲಗಿದ. ಆ ದೊಡ್ಡ ಮೈಯ ಕೆಳಗೆ ಅಮೋಘಸಿದ್ದ ಪೂರಾ ಮುಚ್ಚಿಹೋದ. ಕೊಡಲಿಯ ಹಿಂಬದಿ ಧರ್ಮಣ್ಣನ ಪಕ್ಕೆಲುಬಿಗೆ ಬಿತ್ತು. ಬಡಿಗೆಗಳು ಬೆನ್ನಿಗೆ, ತಲೆಗೆ, ಬಾಯಿಗೆ ಬಿದ್ದವು. ಅವನು ಒಂದು ಕೈಯನ್ನೂ ಎತ್ತಲಿಲ್ಲ. ಪೊಲೀಸ್ ವ್ಯಾನು ಬರುವ ತನಕ ಹೊಡೆದರು.

ಗುಲಬರ್ಗಾದ ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವನಿಗೆ ಬಲಗಣ್ಣು ಇರಲಿಲ್ಲ. ದವಡೆಗೆ ತಂತಿ ಬಿಗಿದಿದ್ದರು. ಶಾಂತಲಿಂಗಪ್ಪ ಮೊದಲು ಬಂದವರು.

"ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾರ. ಅಮೋಘಸಿದ್ದ ಗೊತ್ತಿದ್ದೂ ಮುಚ್ಚಿಟ್ಟ ಅಂತ ಹೇಳು. ಅಷ್ಟ ಸಾಕು. ನಿನಗ ಕುಂತು ಮಾಡೂ ಕೆಲಸ ಕೊಡ್ತೇನಿ."

ಧರ್ಮಣ್ಣನಿಗೆ ಮಾತಾಡಲು ಬರುತ್ತಿರಲಿಲ್ಲ. ಒಂದೇ ಕಣ್ಣಿನಿಂದ ಅವರನ್ನು ನೋಡಿದ. ಮಾತು ಬಂದಿದ್ದರೂ ಆ ದಿನ ಏನು ಹೇಳುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ.

ಮರುದಿನ ದತ್ತಪ್ಪನ ಹೆಂಡತಿ ದ್ರೌಪದಿ ಬಂದಳು. ಪಕ್ಕದ ವಾರ್ಡಿನಲ್ಲಿ ಮೈದುನ ಚಂದ್ರಾಮಪ್ಪನ ಕೈಗೆ ಪ್ಲಾಸ್ಟರ್ ಹಾಕಿದ್ದರು; ಅವನಿಗೆ ಬುತ್ತಿ ಕೊಟ್ಟು ಇವನ ಮಂಚದ ಕಾಲ ಹತ್ತಿರ ನಿಂತಳು. ಅಳಲಿಲ್ಲ.

"ಹಿಂದಿನ ದಿನಾ ಸಂಜಿಕೆ ಅಮೋಘಸಿದ್ದ ನಮ್ಮನಿಗಿ ಬಂದು ಹೇಳಿದ್ದ, ಗುಂಡ್ಯಾಗ ತಲಿ ತಿರಗತದ ಅಂತ. ನನ್ನ ಗಂಡಗ ಗೊತ್ತಿತ್ತು. ನಿನ್ನ ಮುಂದ ಹೇಳಂತ ಅವಗ ಅಂದೆ. ಅಂವ ಏನಂದ ಗೊತ್ತದೇನು? ಗುಂಡ್ಯಾಗ ಹೋದ್ರ ತಲಿ ತಿರಗತದ, ಆ ಪೈಲವಾನನ ಮುಂದ ಹೋದ್ರ ಹಲ್ಲು ಉದುರತಾವ ಅಂದ. ಅಂದು ನಕ್ಕ."

ಧರ್ಮಣ್ಣನ ಒಂಟಿ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು. ಅವಳು ಅದನ್ನು ನೋಡಿ, ಸೆರಗು ಬಿಗಿದುಕೊಂಡು ಹೊರಗೆ ಹೋದಳು.

ಇನ್‌ಸ್ಪೆಕ್ಟರ್ ಬಂದಾಗ ಧರ್ಮಣ್ಣ ತಂತಿಯ ಸಂದಿನಿಂದ ಒಂದೊಂದೇ ಮಾತು ಹೊರಡಿಸಿದ. ಯಾರನ್ನು ಹೊಡೆದೆ, ಎಲ್ಲಿ ಹೊಡೆದೆ, ಯಾರು ಹೊಡೆಯಲು ಬಿಟ್ಟರು, ದತ್ತಪ್ಪನ ಮುಂದೆ ಹೇಗೆ ಕೈ ಎತ್ತಿದೆ, ಎಲ್ಲ ಹೇಳಿದ. ಇಳಿಯುವ ಮೊದಲು ಗಾಳಿ ನೋಡಬೇಕೆಂದು ತನಗೆ ಕಲಿಸಿದ್ದರು, ತಾನು ಬೂಟು ನೋಡಿದೆ ಎಂದ.

ಕೇಸು ಮೂರು ವರ್ಷ ನಡೆಯಿತು. ಕಾರ್ಖಾನೆಗೆ ದಂಡ ಬಿತ್ತು, ಶಾಂತಲಿಂಗಪ್ಪನವರ ಕೆಲಸ ಹೋಯಿತು. ಗುಂಡಿಗೆ ಕಬ್ಬಿಣದ ಜಾಲರಿ, ಗಾಳಿ ಬಿಡುವ ಯಂತ್ರ ಬಂದವು. ಕೂಲಿಗಳೇ ಆರಿಸಿದ ಸುರಕ್ಷತಾ ಸಮಿತಿಯಲ್ಲಿ ಅಮೋಘಸಿದ್ದ ಕೂತ. ಗಾಯ ಹೇಳಿಕೊಳ್ಳಲು ಜನ ಅವನ ಹತ್ತಿರ ಬರತೊಡಗಿದರು. ಅವನು ಬಲಗಿವಿ ಮುಂದೆ ಮಾಡಿ ಕೇಳುತ್ತಿದ್ದ.

ಚಂದ್ರಾಮಪ್ಪನ ಸಾಕ್ಷಿಯ ದಿನ ಧರ್ಮಣ್ಣ ಕಟಕಟೆಯಲ್ಲಿದ್ದ. ಚಂದ್ರಾಮಪ್ಪನ ಬಲಗೈ ಸೊಟ್ಟಗೆ ಕೂಡಿಕೊಂಡಿತ್ತು.

"ನಿಮ್ಮ ಕೈ ಮುರಿದವರು ಇವರೇ ಏನು?" ಎಂದರು ವಕೀಲರು.

"ಹೌದ್ರಿ. ಮುರೀಲಿಲ್ಲಂದ್ರ ನಾನೂ ಸಾಯ್ತಿದ್ದೆ. ಅದೂ ಬರಕೊಳ್ರಿ." ಅವನು ಧರ್ಮಣ್ಣನ ಕಡೆ ಬೆರಳು ಮಾಡಿದ: "ನಮ್ಮಣ್ಣನ್ನ ಇಳಸಿದಾಂವನೂ ಇಂವನೇ ರಿ. ಅದನ್ನ ಬಿಡಬ್ಯಾಡ್ರಿ."

ಧರ್ಮಣ್ಣನಿಗೆ ಆರು ತಿಂಗಳು ಸಜೆಯಾಯಿತು. ಅಪೀಲು ಮಾಡೋಣ ಎಂದು ವಕೀಲರು ಹೇಳಿದರು. ಅವನು ಬೇಡವೆಂದು, ಪೊಲೀಸರ ಜೊತೆ ಕೋರ್ಟಿನ ಮೆಟ್ಟಿಲಿಳಿದ. ಅಲ್ಲಿ ಬೇವಿನ ಗಿಡದ ಕೆಳಗೆ ದ್ರೌಪದಿ, ಚಂದ್ರಾಮಪ್ಪ ಅಫಜಲಪುರದ ಬಸ್ಸಿನ ಹೊತ್ತು ಕಾಯುತ್ತ ನಿಂತಿದ್ದರು. ಅವನು ಅವರ ಮುಂದೆ ನಿಂತು ಕೈ ಮುಗಿದ. ಚಂದ್ರಾಮಪ್ಪ ಮುಖ ತಿರುಗಿಸಿದ. ದ್ರೌಪದಿ ತಿರುಗಿಸಲಿಲ್ಲ, ವ್ಯಾನಿನ ಬಾಗಿಲು ಹಾಕುವ ತನಕ ಅವನನ್ನೇ ನೋಡುತ್ತ ನಿಂತಳು.