ಮೂರು ಮಾತಿನ ನಿಯಮ

ಓದದೆ ಹೂವು ಹಾಕುವವರನ್ನು ಕಂಡರೆ ಕಿಡಿಗೆ ಮೈಯೆಲ್ಲ ಉರಿಯುತ್ತಿತ್ತು.

ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಗಾಜಿನಂಗಡಿ ಸೇರಿದವನು ಅವನು. ಹಗಲೆಲ್ಲ ಕನ್ನಡಿ ಕೊಯ್ಯುವುದು, ಬಿಡುವು ಸಿಕ್ಕರೆ ಮೂಲೆಯಲ್ಲಿ ಕೂತು ಫೋನಿನಲ್ಲಿ ಕವಿತೆ ಒತ್ತುವುದು. ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಯಜಮಾನ ಇಟ್ಟ ಹೆಸರು ಕಿಡಿ. ಆನ್‌ಲೈನ್ ಕವಿತಾ ಬಳಗದಲ್ಲೂ ಅವನು ಅದೇ ಹೆಸರಿನಲ್ಲಿ ಬರೆಯುತ್ತಿದ್ದ. ಬಳಗದಲ್ಲಿ ಇನ್ನೂರು ಚಿಲ್ಲರೆ ಜನ. ಯಾರು ಏನು ಬರೆದರೂ ಕೆಳಗೆ ಒಂದು ಗುಲಾಬಿ, ಎರಡು ಮುಗಿದ ಕೈ, ಒಂದು 'ಅದ್ಭುತ'. ರೇಗಿಹೋಗಿ ಒಂದು ದಿನ ಅಂಗಡಿಯ ಕಿಟಕಿ ಗಾಜುಗಳ ಅಳತೆಯನ್ನೇ ಕವಿತೆಯ ಹಾಗೆ ಸಾಲು ಮುರಿದು ಹಾಕಿದ. ಮೂವತ್ತೊಂದು ಗುಲಾಬಿ ಬಂದವು.

"ಇದು ಕಿಟಕಿ ಅಳತೆ. ನಿಮಗೆ ಕಣ್ಣಿದೆಯೋ, ಬರೀ ಹೆಬ್ಬೆರಳಿದೆಯೋ?" ಎಂದು ಬರೆದ.

ಕೆಲವರು ಮುನಿಸಿಕೊಂಡರು. ಆದರೆ ಬಳಗ ನಡೆಸುವ ಮೇಡಂಗೆ, ನಿವೃತ್ತ ನರ್ಸ್ ಆಕೆ, ಹುಡುಗನ ಮಾತು ನಾಟಿತು. ಮೂವತ್ತು ದಿನಗಳ ಕವಿತಾ ಸವಾಲು ಶುರುವಾದಾಗ ಅವನು ಹೇಳಿದ್ದನ್ನೇ ನಿಯಮ ಮಾಡಿದರು. ಕವಿತೆ ಹಾಕಿದವರು ಬೇರೆ ಮೂವರ ಕವಿತೆ ಓದಿ, ಏನನ್ನಿಸಿತೆಂದು ಮಾತಿನಲ್ಲೇ ಬರೆಯಬೇಕು, ಹೂವು ನಡೆಯದು. ಸಂಜೆ ಆರರೊಳಗೆ ಬರೆಯದಿದ್ದರೆ ಅವರ ಅಂದಿನ ಕವಿತೆ ಸವಾಲಿಗೆ ಸೇರದು.

ಆ ನಿಯಮದ ಬಲದ ಮೇಲೇ ಅವನು ಅಕ್ಕನನ್ನು ಬಳಗಕ್ಕೆ ಕರೆದದ್ದು.

ಅಕ್ಕ ಹನ್ನೊಂದು ದಿನದ ಮಗುವನ್ನು ಕಳೆದುಕೊಂಡು ನಾಲ್ಕು ತಿಂಗಳಾಗಿತ್ತು. ಭಾವ ಹಡಗಿನ ಕೆಲಸಕ್ಕೆ ಮರಳಿದ್ದ; ಅಕ್ಕ ತಮ್ಮನ ಎರಡು ಕೋಣೆಯ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಚಿಕ್ಕಂದಿನಲ್ಲಿ ಅವನ ಕೈಹಿಡಿದು ಅಕ್ಷರ ತಿದ್ದಿಸಿದವಳೇ ಅವಳು.

"ಬರಿ ಅಕ್ಕಾ. ಎಲ್ಲಾ ಒಳಗೇ ಇಟ್ಕೊಂಡು ಏನ್ಮಾಡ್ತೀಯ?"

"ಬರೆದ್ರೆ ಯಾರೋ ಬಂದು ಗುಲಾಬಿ ಇಡ್ತಾರೆ. ಅದೊಂದು ಬಾಕಿ ಇತ್ತು ನೋಡು ನನಗೆ."

"ಈಗ ಹಾಗಿಲ್ಲ, ನಿಯಮ ಬಂದಿದೆ. ಬೇರೆ ಹೆಸರಲ್ಲಿ ಹಾಕು, ಯಾರಿಗೂ ಗೊತ್ತಾಗಲ್ಲ. ಅಲ್ಲಿ ಓದ್ತಾರೆ. ಯಾರೂ ಓದ್ಲಿಲ್ಲ ಅಂದ್ರೆ ನಾನಿಲ್ವಾ?"

"ಓದ್ತೀಯಾ? ನಿಜವಾಗ್ಲೂ?"

"ಓದ್ತೀನಿ. ನನ್ನಾಣೆ."

ಮೊದಲ ವಾರ ಅವನು ಒಬ್ಬೊಬ್ಬರನ್ನೂ ಎರಡೆರಡು ಸಲ ಓದಿದ, ಮನಸ್ಸಿಗೆ ಬಂದದ್ದನ್ನು ಬರೆದ. ಎರಡನೇ ವಾರಕ್ಕೆ ಕಣ್ಣು ಸೋತಿತು. ಮೂರನೇ ವಾರಕ್ಕೆ ಎಲ್ಲರಿಗೂ ಒಪ್ಪುವಂಥ ಎಂಟು ಮಾತುಗಳನ್ನು ಫೋನಿನಲ್ಲಿ ಬರೆದಿಟ್ಟುಕೊಂಡ. ಸಮಯ ಸಾಲದ ದಿನ ಅದರಲ್ಲೊಂದನ್ನು ಎತ್ತಿ ಅಂಟಿಸಿದರಾಯಿತು. ಹೂವಂತೂ ಅಲ್ಲವಲ್ಲ, ಮಾತೇ ತಾನೇ ಎಂದುಕೊಂಡ.

ಹತ್ತೊಂಬತ್ತನೇ ದಿನ ಕೊಟ್ಟಿದ್ದ ವಿಷಯ 'ಉಳಿದದ್ದು'. ಅಂದೇ ಬಟ್ಟೆಯಂಗಡಿಯೊಂದಕ್ಕೆ ಆಳೆತ್ತರದ ಹನ್ನೆರಡು ಕನ್ನಡಿ ಹೋಗಬೇಕಿತ್ತು.

"ಏನೋ ಕವಿರಾಯ, ಗಾಜು ಕೊಯ್ತೀಯೋ, ನನ್ನ ತಲೆ ಕೊಯ್ತೀಯೋ? ಆ ಫೋನನ್ನ ಹೊಟ್ಟೆಗೆ ಹಾಕ್ಕೊಂಡುಬಿಡು!" ಯಜಮಾನ ಒಳಗಿನಿಂದ ಕೂಗಿದ.

"ಎರಡು ನಿಮಿಷ, ಯಜಮಾನ್ರೇ."

ಆರಕ್ಕೆ ಐದು ನಿಮಿಷವಿತ್ತು. ಅವನ ಕವಿತೆ ಬೆಳಿಗ್ಗೆಯೇ ಹೋಗಿತ್ತು, ಮೂರು ಮಾತು ಮಾತ್ರ ಬಾಕಿ. ಚಿಕ್ಕವಾಗಿ ಕಂಡ ಮೂರು ಕವಿತೆ ಆರಿಸಿದ. ಗಾಜಿನ ಪುಡಿ ಮೆತ್ತಿದ ಬೆರಳಿನಲ್ಲೇ ಒತ್ತಿದ. 'ಹೊಸಬಳು' ಎಂಬ ಹೆಸರಿನ ಕೆಳಗೆ ಬಿದ್ದದ್ದು ಆರನೆಯ ಮಾತು: "ಸೊಗಸಾದ ಕಲ್ಪನೆ! ಇಂಥವು ನಿಮ್ಮಿಂದ ಇನ್ನಷ್ಟು ಬರಲಿ."

ಮನೆಗೆ ಬಂದಾಗ ಅಕ್ಕ ಗೋಡೆಗೆ ಮುಖ ಮಾಡಿರಲಿಲ್ಲ. ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಅಂಗೈಯಗಲದ ಹಸಿರು ಸ್ವೆಟರು. ಬಸುರಿಯಾಗಿದ್ದಾಗ ತಾನೇ ಹೆಣೆದಿದ್ದದ್ದು. ಒಂದು ತೋಳು ಆಗಲೇ ಬಿಚ್ಚಿಹೋಗಿ ಸುಕ್ಕುಸುಕ್ಕು ನೂಲಾಗಿ ಬಿದ್ದಿತ್ತು.

"ಇದೇನಕ್ಕಾ?"

"ಬರೆದದ್ದು ಇದನ್ನೇ. ಕಲ್ಪನೆ ಅಂದ್ಯಲ್ಲ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅಂಟಿಸಿದ ಮಾತು ನೆನಪಾಯಿತು.

"ಹೊಸಬಳು... ನೀನಾ?"

"ಇಂಥವು ಇನ್ನಷ್ಟು ಬರಲಿ ಅಂತ ಹರಸಿದ್ದೀಯ." ಅವಳು ಕೂಗಲಿಲ್ಲ. ಕೂಗಿದ್ದರೆ ಅವನೂ ಕೂಗಬಹುದಿತ್ತು. "ಇನ್ನೆಷ್ಟು ಬರಲಿ, ಹೇಳು."

ಫೋನು ತೆರೆದ. ಕವಿತೆ ಇದ್ದ ಜಾಗದಲ್ಲಿ 'ಅಳಿಸಲಾಗಿದೆ' ಎಂಬ ಒಂದೇ ಪದ. ಅಕ್ಕ ಬಳಗವನ್ನೂ ಬಿಟ್ಟಿದ್ದಳು. ನೆನಪು ಕೆದಕಿದ. ಅದು ಚಿಕ್ಕದಾಗಿತ್ತು ಎಂಬುದರ ಹೊರತು ಒಂದಕ್ಷರವೂ ನೆನಪಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಬಳಗದಲ್ಲಿ ಕೇಳಿದ: "ನಿನ್ನೆ ಹೊಸಬಳು ಬರೆದದ್ದರಲ್ಲಿ ಒಂದೇ ಒಂದು ಸಾಲು ಯಾರಿಗಾದರೂ ನೆನಪಿದೆಯೇ? ದಯವಿಟ್ಟು."

ದಯವಿಟ್ಟು ಎಂದು ಅವನು ಅಲ್ಲಿ ಎಂದೂ ಬರೆದವನಲ್ಲ. ಉತ್ತರಗಳು ಬಂದವು. ಮನಮುಟ್ಟುವಂತಿತ್ತು. ತುಂಬಾ ಚೆನ್ನಾಗಿತ್ತು. ಕಣ್ಣು ಒದ್ದೆಯಾಯಿತು. ಸಾಲನ್ನು ಮಾತ್ರ ಯಾರೂ ಹೇಳಲಿಲ್ಲ. ಒಬ್ಬರಂತೂ ಅವನ ಪ್ರಶ್ನೆಯ ಕೆಳಗೇ ಬರೆದರು, "ಅದ್ಭುತ ಸಾಲುಗಳು, ಕಿಡಿಯವರೇ!" ಜೊತೆಗೊಂದು ಗುಲಾಬಿ.

ಬೈಗುಳ ಬೆರಳ ತುದಿಗೆ ಬಂತು. ಅರ್ಧ ಒತ್ತಿ ಅಳಿಸಿದ. ಕಡೆಗೆ ಬರೆದದ್ದು ಇಷ್ಟೇ: "ನಾನೂ ಓದಿರಲಿಲ್ಲ. ಬರೆದಿಟ್ಟುಕೊಂಡ ಮಾತನ್ನು ಅಂಟಿಸಿದ್ದೆ."

ಅದಕ್ಕೆ ಯಾರೂ ಏನೂ ಹಾಕಲಿಲ್ಲ. ಬಹಳ ಹೊತ್ತಿನ ಮೇಲೆ ಮೇಡಂ ಒಬ್ಬರೇ ಬರೆದರು: "ನಾನೂ ಓದಲಿಲ್ಲಪ್ಪ. ನಿನ್ನೆ ನೂರಾ ಹತ್ತು ಬಂದಿದ್ದವು."

ಅವನು ಯಜಮಾನನ ಬೈಗುಳ ತಿಂದು ಬೇಗ ಮನೆಗೆ ಬಂದ. ಸ್ವೆಟರು ಪೂರ್ತಿ ಬಿಚ್ಚಿಹೋಗಿತ್ತು. ಅಕ್ಕ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಲು ಹೆಣಗುತ್ತಿದ್ದಳು. ಅದು ಜಾರುತ್ತಿತ್ತು.

"ಅಕ್ಕಾ, ಒಂದ್ಸಲ ಬಾಯಲ್ಲೇ ಹೇಳು. ಕೇಳ್ತೀನಿ."

"ಇಲ್ಲ ಕಣೋ. ಒಂದೇ ಸಲ ಬಂತು ಅದು. ಹೋಯ್ತು."

"ನೆನಪಿಲ್ವಾ?"

"ನೆನಪಿದೆ. ಹೇಳಲ್ಲ."

ಅವನು ಎದುರಿಗೆ ಕೂತು ಎರಡೂ ಕೈ ಮುಂದೆ ಚಾಚಿದ, ಚಿಕ್ಕಂದಿನಲ್ಲಿ ಅವಳಿಗೆ ಉಣ್ಣೆ ಹಿಡಿದುಕೊಡುತ್ತಿದ್ದ ಹಾಗೆ. ಅಕ್ಕ ಆ ಕೈಗಳನ್ನು, ಗಾಜು ಕೊಯ್ದ ಗೀರುಗಳನ್ನು ತುಸು ಹೊತ್ತು ನೋಡಿದಳು. ಆಮೇಲೆ ಕುರ್ಚಿಯಿಂದ ನೂಲು ತೆಗೆದು ಅವನ ಕೈಗೆ ಸುತ್ತತೊಡಗಿದಳು. ಗೀರಿಗೆ ಉಣ್ಣೆ ತಾಗಿ ಉರಿಯಿತು. ಅವನು ಕೈ ಅಲುಗಿಸಲಿಲ್ಲ.

ಕಿಸೆಯಲ್ಲಿ ಫೋನು ಗುಂಯ್‌ಗುಟ್ಟಿತು. ಆರು ಗಂಟೆ. ಇಪ್ಪತ್ತನೇ ದಿನದ ಕವಿತೆ ಅವನು ಬರೆದಿರಲಿಲ್ಲ.

"ಸವಾಲು?" ಅಕ್ಕ ತಲೆ ಎತ್ತದೆ ಕೇಳಿದಳು.

"ಸುತ್ತು, ನೀನು."

ನೂಲು ತುಂಬಾ ಇರಲಿಲ್ಲ. ಅಷ್ಟು ಪುಟ್ಟ ಸ್ವೆಟರಿಗೆ ಎಷ್ಟು ತಾನೇ ಬೇಕು? ಬೇಗನೇ ಮುಗಿದುಹೋಯಿತು.