ಸೊಂಟಕ್ಕೆ ಹಗ್ಗ ಬೇಡ

ಕೆರೆ ಕೋಡಿ ಬಿದ್ದರೆ ನಮ್ಮೂರಿಗೆ ಹಬ್ಬ. ಒಣಗಿದ ಕೆರೆ ತುಂಬಿದರೆ ಯಾರಿಗೆ ಖುಷಿಯಾಗುವುದಿಲ್ಲ ಹೇಳಿ? ಆದರೆ ಅದೇ ನೀರು ಜಯಮಂಗಲಿ ಹೊಳೆ ಸೇರಿ, ಪುರವರದ ಕಡೆಯ ತಗ್ಗಿನ ಸೇತುವೆಯ ಮೇಲೆ ಹರಿಯುವಾಗಲೂ ನಾವು ಪಂಚೆ ಎತ್ತಿಕಟ್ಟಿ ದಾಟುತ್ತಲೇ ಇರುತ್ತೇವೆ. ನೀರು ನೋಡದ ಸೀಮೆಯವರು, ಭಯ ಎಲ್ಲಿಂದ ಬರಬೇಕು!

ಓಬಳರಾಜು ಮಧುಗಿರಿ ಬೆಟ್ಟದ ಸ್ವಯಂಸೇವಕರ ತಂಡದವನು. ಬಂಡೆಯ ಮೇಲೆ ಸಿಕ್ಕಿಕೊಂಡವರನ್ನು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹೋಗಿ ಇಳಿಸಿ ತರುತ್ತಾನೆ. ಬಾವಿಗೆ ಬಿದ್ದ ಮೇಕೆ ತೆಗೆಯಲೂ ಊರವರು ಅವನನ್ನೇ ಕರೆಯುತ್ತಾರೆ. ಈ ಸಲ ತಂಡಕ್ಕೆ, ಹರಿಯುವ ನೀರಿನಿಂದ ಜನರನ್ನು ಕಾಪಾಡುವ ತರಬೇತಿ ಇದೆ ಎಂದು ಗೆಳೆಯ ಫೋನ್ ಮಾಡಿದಾಗ ಅವನು ನಕ್ಕುಬಿಟ್ಟ.

“ಕುಡಿಯಾಕೇ ನೀರಿಲ್ದಿರೋ ಸೀಮೇಲಿ ಹೊಳೆ ಟ್ರೈನಿಂಗಂತೆ! ಬೆಟ್ಟ ಹತ್ತೋರಿಗೆ ಅದರ ಉಸಾಬರಿ ಯಾಕ್ಲಾ?”

ಹೆಂಡತಿ ವನಜಾಗೆ ನಗು ಬರಲಿಲ್ಲ. ಅವಳ ಅಪ್ಪ ಜಯರಾಮಯ್ಯ ದಿನಾ ಅದೇ ಸೇತುವೆ ದಾಟಿ ಡೈರಿಗೆ ಹಾಲು ಹಾಕಿ ಬರುವವರು.

“ನಾಳೆ ನಮ್ಮಪ್ಪ ನೀರಲ್ಲಿ ಸಿಕ್ಕಾಕ್ಕೊಂಡ್ರೆ ಏನ್ ಮಾಡ್ತೀರಿ?”

“ಸೊಂಟಕ್ಕೆ ಹಗ್ಗ ಕಟ್ಕೊಂಡು ದುಮುಕ್ತೀನಿ. ಅದನ್ನೂ ಯಾರಾದ್ರೂ ಹೇಳ್ಕೊಡಬೇಕಾ? ಸುಮ್ಕಿರಮ್ಮಿ.”

“ಅಂಗಾದ್ರೆ ಅಲ್ಲೋಗಿ ಅದನ್ನೇ ತೋರ್ಸಿ. ನಾನೂ ಬತ್ತೀನಿ.”

ಕೋಡಿ ಹಳ್ಳದ ದಡದಲ್ಲಿ ತರಬೇತಿ. ಹೇಳಿಕೊಡಲು ಬಂದಿದ್ದವಳು ಸಿರಾ ಕಡೆಯ ಅಶ್ವಿನಿ. ಓಬಳರಾಜು ಆಗಲೇ ಸೊಂಟಕ್ಕೆ ಗಂಟು ಬಿಗಿದು ನಿಂತಿದ್ದ.

“ಸ್ವಲ್ಪ ತಡೀರಿ ಅಣ್ಣ,” ಎಂದಳು ಅಶ್ವಿನಿ. “ನಿಮಗಿಂತ ಮುಂಚೆ ನಿಮ್ಮ ಅಂಗಿ ಇಳೀಲಿ.”

ಅವನ ಚೌಕಳಿ ಅಂಗಿಗೆ ಹುಲ್ಲು, ಖಾಲಿ ಬಾಟಲಿ ತುಂಬಿ ಬೊಂಬೆ ಮಾಡಿದರು. ಅದರ ಸೊಂಟಕ್ಕೆ ಹಗ್ಗ ಕಟ್ಟಿ ಹರಿವಿಗೆ ಬಿಟ್ಟರು. ಮೊದಲು ಚೆನ್ನಾಗಿಯೇ ತೇಲಿತು. ದಡದವರು ಹಗ್ಗ ಬಿಗಿಹಿಡಿದರು ನೋಡಿ, ಅಂಗಿ ಬುಳಕ್ಕನೆ ಮುಳುಗಿತು. ಎಳೆದಷ್ಟೂ ಒಳಗೇ ಹೋಯಿತು.

“ಬುಡ್ರೋ, ಹಗ್ಗ ಬುಡ್ರೋ!” ಎಂದು ವನಜಾ ಕೂಗಿಕೊಂಡಳು. ಬೊಂಬೆ ಎಂದು ಗೊತ್ತಿದ್ದರೂ ನೀರಿನ ಅಂಚಿನವರೆಗೆ ಓಡಿದಳು. ಅದು ಗಂಡನ ಅಂಗಿಯಲ್ಲವೇ?

ಹಗ್ಗ ಸಡಿಲಬಿಟ್ಟ ಕೂಡಲೇ ಅಂಗಿ ಮೇಲೆದ್ದು ತೇಲಿತು.

“ಬಂಡೆ ಮೇಲೆ ಹಗ್ಗ ನಿಮ್ಮನ್ನ ಮೇಲಕ್ಕೆ ಹಿಡ್ಕೊಳ್ಳುತ್ತೆ. ಇಲ್ಲಿ ಹಗ್ಗ ತಡೆದ್ರೆ ನೀರು ನಿಮ್ಮನ್ನ ಕೆಳಕ್ಕೆ ಒತ್ತುತ್ತೆ,” ಎಂದಳು ಅಶ್ವಿನಿ. “ನೀರಿಗೆ ನಾವು ಇಳಿಯೋದಲ್ಲ ಅಣ್ಣ, ದಡದಿಂದ ಹಗ್ಗ ಎಸೆಯೋದು. ಕೈಲಿ ಹಿಡಿದ ಹಗ್ಗನ ಬೇಕಾದಾಗ ಬಿಡಬಹುದು, ಸೊಂಟದ ಗಂಟು ಬಿಡಲ್ಲ.”

ಓಬಳರಾಜು ಸೊಂಟದ ಗಂಟು ಬಿಚ್ಚಿದ. ತೇಲುವ ಹಗ್ಗ ತುಂಬಿದ ಚೀಲವನ್ನು, ಹಗ್ಗದ ಒಂದು ತುದಿ ಕೈಯಲ್ಲಿ ಹಿಡಿದು, ಅಂದು ಸಂಜೆಯವರೆಗೂ ಎಸೆದು ಎಸೆದು ಕಲಿತ.

ಕೆಲವೇ ದಿನಕ್ಕೆ ಮತ್ತೆ ಮಳೆ. ಹಾಲಿನ ಕ್ಯಾನಿನ ಸಮೇತ ಸೇತುವೆಗೆ ಇಳಿದ ಜಯರಾಮಯ್ಯನವರನ್ನು ನೀರು ತಳ್ಳಿತು. ಅವರು ಪಕ್ಕದ ಕಲ್ಲುಕಂಬ ತಬ್ಬಿ ನಿಂತುಬಿಟ್ಟರು. ಯಾರೋ 112ಕ್ಕೆ ಫೋನ್ ಮಾಡಿದರು. ಸುದ್ದಿ ತಿಳಿದು ಓಬಳರಾಜು ತಂಡದ ಹಗ್ಗದ ಚೀಲ, ಲೈಫ್ ಜಾಕೆಟ್ ಹಿಡಿದು ವನಜಾ ಜೊತೆ ಓಡಿಬಂದ. ದಡದಲ್ಲಿದ್ದವರದು ಒಂದೇ ಕೂಗು: “ಹಗ್ಗ ಕಟ್ಕೊಂಡು ಇಳಿಯೋ ಓಬಳರಾಜು!”

ಅವನ ಕೈ ಸೊಂಟಕ್ಕೆ ಹೋಗಿಯೇಬಿಟ್ಟಿತು. ನೀರಲ್ಲಿ ಅಪ್ಪ, ದಡದಲ್ಲಿ ಗಂಡ. ವನಜಾ ಬಾಯಿಬಿಟ್ಟು ಕೂಗಿದಳು: “ರೀ, ಅಂಗಿ ಗ್ಯಾಪಕ ಮಾಡ್ಕೊಳ್ಳಿ!”

ಅವನು ಕೈ ತೆಗೆದ. ಲೈಫ್ ಜಾಕೆಟ್ ತೊಟ್ಟು, ನೀರು ಹರಿದುಹೋಗುವ ದಿಕ್ಕಿನಲ್ಲಿ, ಮಾವನಿಗಿಂತ ತುಸು ಮುಂದೆ ದಡದಲ್ಲಿ ಕಾಲೂರಿ ನಿಂತು ಚೀಲ ಎಸೆದ. ಮೊದಲ ಸಲ ತಪ್ಪಿತು. ಮತ್ತೆ ಎಸೆದ. ಹಗ್ಗ ಮಾವನ ತೋಳಿನ ಮೇಲೇ ಬಿತ್ತು.

“ಕೈಗೆ ಸುತ್ಕೋಬೇಡಿ ಮಾವ! ಎದೆಗೆ ಅವಚ್ಕೊಂಡು ಅಂಗಾತ ತೇಲಿ!”

ಅವರು ಕಂಬ ಬಿಟ್ಟರು; ಓಬಳರಾಜು ಹಗ್ಗದ ತುದಿ ಬಿಗಿಹಿಡಿದು ನಿಂತಂತೆ, ನೀರೇ ಅವರನ್ನು ತಿರುಗಿಸಿ ದಡಕ್ಕೆ ತಂದು ಬಿಟ್ಟಿತು. ಜಯರಾಮಯ್ಯ ಕೆಮ್ಮಿ ಕೆಮ್ಮಿ, “ಕ್ಯಾನ್ ಹೋಯ್ತಲ್ಲಮ್ಮ,” ಎಂದರು.

“ಕ್ಯಾನ್ ಮನೆ ಹಾಳಾಗ! ಇನ್ನೊಂದ್ಸಲ ನೀರಿಗಿಳಿ, ಕಾಲ್ ಕಟ್ಟಿ ಕೂರುಸ್ತೀನಿ,” ಎಂದು ಬೈದು, ವನಜಾ ಇಬ್ಬರ ಕೈಯನ್ನೂ ಹಿಡಿದುಕೊಂಡು ಅತ್ತಳು.

ಈಗ ಪ್ರತಿ ತರಬೇತಿಗೂ ಓಬಳರಾಜು ತಾನೇ ಆ ಚೌಕಳಿ ಅಂಗಿಗೆ ಹುಲ್ಲು ತುಂಬುತ್ತಾನೆ.

ಬೆಟ್ಟದ ತಂಡದ ಅಣ್ಣಂದಿರೇ, ಅಕ್ಕಂದಿರೇ, ಮಧುಗಿರಿಯಿರಲಿ, ಕೊರಟಗೆರೆಯಿರಲಿ, ಸಿರಾ, ಪಾವಗಡವಿರಲಿ, ನೀರಿನ ತರಬೇತಿಗೆ ಕರೆ ಬಂದರೆ ನಗಬೇಡಿ, ಹೋಗಿ. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಯಾರೂ ದಾಟಬೇಡಿ. ತರಬೇತಿಗೆ ಹೋಗುವಾಗ ಒಂದು ಹಳೇ ಅಂಗಿ ತಗೊಂಡು ಹೋಗಿ. ಮುಳುಗುವುದಾದರೆ ಅದು ಮುಳುಗಲಿ, ನೀವಲ್ಲ.